ರೋಗಿಯ ಅಪೀಲು ಮತ್ತು ಮೂವತ್ತು ದಿನ

ರೋಗಿಗೆ ಅಲ್ಲಾಹನು ರಿಯಾಯಿತಿ ನೀಡಿರುವನು. ನಿಂತು ನಮಾಝ್ ಮಾಡಲಾಗದವನು ಕುಳಿತು ಮಾಡಬಹುದು, ಅದೂ ಆಗದವನು ಮಲಗಿಯೇ ಮಾಡಬಹುದು. ತಪ್ಪಿದ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಬಹುದು (2:184). ಕೋರ್ಟಿನ ಗಡುವಿಗೆ ಮಾತ್ರ ಈ ಕರುಣೆ ಏಕಿಲ್ಲ ಎಂದು ನೊಂದವರು ಕೇಳುವುದುಂಟು.

ಕೊಕ್ಕನೂರಿನ ರೈತನೊಬ್ಬ ಹರಿಹರದ ಸಿವಿಲ್ ಕೋರ್ಟಿನಲ್ಲಿ ಜಮೀನಿನ ದಾವೆ ಸೋತನೆಂದು ಇಟ್ಟುಕೊಳ್ಳೋಣ. ವಕೀಲರ ಫೀಸು ಕೊಡಲಾಗದೆ ತನ್ನ ವಾದವನ್ನು ತಾನೇ ನಡೆಸಿದವನು. ತೀರ್ಪಾದ ವಾರದಲ್ಲೇ ಹಾಸಿಗೆ ಹಿಡಿದ. 1963ರ ಕಾಲಮಿತಿ ಕಾಯಿದೆಯಂತೆ ಹೈಕೋರ್ಟಿಗೆ ಅಪೀಲು ಹೋಗಲು 90 ದಿನ, ಅದಕ್ಕಿಂತ ಕೆಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ದಿನಗಳನ್ನು ಇದರಲ್ಲಿ ಕಳೆಯುತ್ತಾರೆ. ಆದರೆ ನಕಲಿಗೆ ಅರ್ಜಿಯನ್ನೇ ಹಾಕದೆ ಮಲಗಿದ್ದ ದಿನಗಳು ಲೆಕ್ಕಕ್ಕೆ ಬಂದೇ ಬರುತ್ತವೆ. ಎದುರಾಳಿ ತಕರಾರು ಎತ್ತದಿದ್ದರೂ ನ್ಯಾಯಾಲಯ ಅವಧಿಯನ್ನು ನೋಡಲೇಬೇಕು.

ಗಡುವು ಅನ್ಯಾಯವೆಂದು ಹೇಳಿಬಿಡುವುದು ಸುಲಭ. ಗೆದ್ದವನಿಗೂ ಒಂದು ಹಕ್ಕಿದೆಯಲ್ಲವೇ? ವ್ಯಾಜ್ಯ ಮುಗಿಯಿತೆಂದು ನಂಬಿ ಅವನು ಬಾವಿ ತೋಡಿಸಿರಬಹುದು, ಮಗಳ ಮದುವೆ ನಿಶ್ಚಯಿಸಿರಬಹುದು. ಹ. ಉಮರ್(ರ) ಅವರು ಅಬೂ ಮೂಸಾ ಅಶ್‌ಅರಿ(ರ) ಅವರಿಗೆ ಬರೆದರೆನ್ನಲಾದ ಪ್ರಸಿದ್ಧ ಪತ್ರದಲ್ಲಿಯೂ, ಸಾಕ್ಷ್ಯ ತರುವೆನೆನ್ನುವವನಿಗೆ ಒಂದು ಅವಧಿ ಗೊತ್ತುಪಡಿಸಿ, ಅಷ್ಟರಲ್ಲಿ ತರದಿದ್ದರೆ ತೀರ್ಪು ನೀಡಬೇಕೆಂಬ ಸೂಚನೆಯಿದೆ.

ನಮ್ಮ ಕಾಯಿದೆಯೂ ಕಲ್ಲೆದೆಯದಲ್ಲ. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಐದನೆಯ ಕಲಮಿನಡಿ ಅದನ್ನು ಮನ್ನಿಸಬಹುದು. ಸಾಮಾನ್ಯ ಬುದ್ಧಿಯಿಂದ, ಉದಾರವಾಗಿ ನೋಡಬೇಕೆಂದು ಸುಪ್ರೀಮ್ ಕೋರ್ಟು 1987ರ ಕಾತಿಜಿ ಪ್ರಕರಣದಲ್ಲಿ ಹೇಳಿತು. 1998ರ ಬಾಲಕೃಷ್ಣನ್ ಪ್ರಕರಣದಲ್ಲಿ ವಕೀಲರ ನಿರ್ಲಕ್ಷ್ಯದಿಂದಾದ 883 ದಿನಗಳ ವಿಳಂಬವನ್ನು ಅದು ಮನ್ನಿಸಿತು. ಜೊತೆಗೆ ಎದುರು ಪಕ್ಷಕ್ಕೆ ಹತ್ತು ಸಾವಿರ ರೂಪಾಯಿ ಕೊಡಿಸಿತು. ಆ ಹತ್ತು ಸಾವಿರದಲ್ಲಿರುವ ವಿವೇಕ ನನಗೆ ಬಹಳ ಹಿಡಿಸಿತು. ಕೊರೋನಾ ಕಾಲದಲ್ಲಂತೂ 15-3-2020ರಿಂದ 28-2-2022ರವರೆಗಿನ ದಿನಗಳನ್ನು ದೇಶಕ್ಕೆಲ್ಲಾ ಲೆಕ್ಕದಿಂದ ಬಿಡಲಾಯಿತು.

ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಅವಧಿ ಮೀರಿದ ಅಪೀಲಿನ ಜೊತೆ ಕಾರಣ ತಿಳಿಸುವ ಅರ್ಜಿ ಮತ್ತು ಪ್ರಮಾಣಪತ್ರ ಇರಬೇಕು. ಹತ್ತು ದಿನದ ಜ್ವರವನ್ನು ಎರಡು ತಿಂಗಳ ಕಾಮಾಲೆ ಮಾಡಿ ಬರೆಸಿಕೊಡುವ ಡಾಕ್ಟರೂ ಸಿಗುತ್ತಾರೆ, ಅದನ್ನು ಜಾಣತನವೆನ್ನುವ ಬಂಧುಗಳೂ ಸಿಗುತ್ತಾರೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿ ಸೇರಿಸಿದ್ದಾರೆ. ಮಾತಿನ ಚಾತುರ್ಯದಿಂದ ತಮ್ಮಲ್ಲಿಂದಲೇ ಸಹೋದರನ ಹಕ್ಕನ್ನು ಗೆದ್ದುಕೊಂಡವನು ಬೆಂಕಿಯ ತುಂಡನ್ನು ಒಯ್ಯುತ್ತಾನೆಂದೂ ಎಚ್ಚರಿಸಿದ್ದಾರೆ. ಜಮೀನು ನಿಜವಾಗಿ ತನ್ನದೇ ಆಗಿದ್ದರೂ ಸುಳ್ಳು ಪ್ರಮಾಣ ಸುಳ್ಳೇ. ಕಾಯಿಲೆ ಇದ್ದದ್ದು ಹತ್ತು ದಿನವಾದರೆ ಹತ್ತು ದಿನವೆಂದೇ ಬರೆಯಬೇಕು. ಉಳಿದ ದಿನಗಳಲ್ಲಿ ಬಸ್ಸಿಗೆ ದುಡ್ಡಿರಲಿಲ್ಲವೆಂಬುದು ನಿಜವಾದರೆ ಅದನ್ನೂ ಬರೆಯಬೇಕು.

ಇನ್ನು ರೋಗಿ ಎಲ್ಲವನ್ನೂ ತಾನೇ ಮಾಡಬೇಕೆಂದೂ ಇಲ್ಲ. ಸಾಲದ ಪತ್ರದ ಕುರಿತಾದ ಸೂಕ್ತದಲ್ಲಿ (2:282), ಋಣಿಯು ದುರ್ಬಲನಾಗಿ ತಾನೇ ಹೇಳಿ ಬರೆಸಲು ಅಶಕ್ತನಾದರೆ ಅವನ ಹೊಣೆಗಾರನು ನ್ಯಾಯವಾಗಿ ಹೇಳಿ ಬರೆಸಬೇಕೆಂದು ಆಜ್ಞೆಯಿದೆ. ಪವರ್ ಆಫ್ ಅಟಾರ್ನಿ ಪಡೆದ ಮಗನೋ ತಮ್ಮನೋ ರೋಗಿಯ ಪರವಾಗಿ ಹಾಜರಾಗಿ ಅರ್ಜಿ ಸಲ್ಲಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಅವಕಾಶವಿದೆ. ವಕೀಲರಂತೆ ವಾದಿಸಲು ಮಾತ್ರ ನ್ಯಾಯಾಲಯದ ಅನುಮತಿ ಬೇಕು.

ರೋಗಿಯನ್ನು ಕಂಡು ಬರುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕು. ನಾವು ಹಣ್ಣು ತೆಗೆದುಕೊಂಡು ಹೋಗಿ, ದುಆ ಮಾಡಿ ಬರುತ್ತೇವೆ. ದಿಂಬಿನ ಕೆಳಗಿರುವ ಕಾಗದವನ್ನು ಯಾರೂ ಕೇಳುವುದಿಲ್ಲ. ತೀರ್ಪಿನ ತಾರೀಖು ಯಾವುದು, ನಕಲಿಗೆ ಅರ್ಜಿ ಹೋಗಿದೆಯೇ ಎಂದು ವಿಚಾರಿಸಿ, ಮರುದಿನ ಹರಿಹರದ ಬಸ್ಸು ಹತ್ತಬಲ್ಲ ಓದಿದ ಹುಡುಗರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಮಹಿಳೆಯರು, ಅಂಗವಿಕಲರು, ಕಡಿಮೆ ಆದಾಯದವರು ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತವಾಗಿ ವಕೀಲರನ್ನು ಪಡೆಯಬಹುದು. ಆ ಅರ್ಜಿಯನ್ನೂ ಯಾರಾದರೂ ಒಯ್ದು ಕೊಡಬೇಕು. ಗಡುವಿನ ಕೊನೆಯ ದಿನ ಕೋರ್ಟಿಗೆ ರಜೆಯಿದ್ದರೆ, ಬಾಗಿಲು ತೆರೆದ ದಿನವೇ ಅಪೀಲು ಸಲ್ಲಿಸಬಹುದು.