ಹಣ್ಣೆಲೆ ಮತ್ತು ಶ್ರಾವಕಧರ್ಮ

ಮಾಘ ಮಾಸ ಕಳೆಯುತ್ತಿರುವಂತೆ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಯ ಪರಿಸರದಲ್ಲಿ ಬೇವಿನ ಎಲೆ ಹಳದಿಗೆ ತಿರುಗುತ್ತದೆ. ಅರಳಿಯ ಎಲೆ ಹಣ್ಣಾಗಿ ಉದುರುತ್ತದೆ. ಬಾದಾಮಿ ಮರದ ಎಲೆ ಬೀಳುವ ಮುನ್ನ ಕೆಂಪೇರುತ್ತದೆ. ಶೀತದೇಶಗಳ ಗಿಂಕ್ಗೊ ಮರ ಶರತ್ಕಾಲದ ಚಳಿಗೆ ಬಂಗಾರದ ಬಣ್ಣ ತಾಳಿ ಕೆಲವೇ ದಿನಗಳಲ್ಲಿ ಬರಿದಾಗುವಂತೆ, ಬಯಲುಸೀಮೆಯ ಮರಗಳು ಶಿಶಿರದ ಒಣಹವೆಗೆ ತಮ್ಮ ಭಾರವನ್ನು ಇಳಿಸುತ್ತವೆ. ನೋಡುವವನಿಗೆ ಅದು ಬಣ್ಣ. ಬಸದಿಯ ಅಂಗಳ ಗುಡಿಸುವವನಿಗೆ ಕಸ. ಶ್ರಾವಕನಿಗೆ ಅದು ಏನು ಎಂಬುದು ವಿಚಾರಣೀಯ.

ಎಲೆ ಹಳದಿಯಾಗುವುದು ಬರಿಯ ನಾಶವಲ್ಲ. ಮರವು ಎಲೆಯ ಹಸಿರು ದ್ರವ್ಯವನ್ನು ಕರಗಿಸಿ, ಅದರಲ್ಲಿಯ ಪೋಷಕಾಂಶಗಳಲ್ಲಿ ಸಾಕಷ್ಟನ್ನು ಕೊಂಬೆಗೆ ಮರಳಿ ಪಡೆಯುತ್ತದೆ. ಹಸಿರಿನ ಮರೆಯಲ್ಲಿದ್ದ ಹಳದಿ ಆಗ ತೋರುತ್ತದೆ. ತೊಟ್ಟಿನ ಬುಡದಲ್ಲಿ ಬೇರ್ಪಡೆಯ ಪದರವೊಂದು ಮೂಡುತ್ತದೆ. ಎಲೆ ಕಳಚಿದಲ್ಲಿ ಕೊಂಬೆ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೊಯ್ದ ಎಲೆಯಲ್ಲಿ ಏಕೇಂದ್ರಿಯ ಜೀವಕ್ಕೆ ಆಘಾತವಿದೆ. ಉದುರಿದ ಎಲೆಯಲ್ಲಿ ಅದಿಲ್ಲ.

ಈ ಭೇದವನ್ನು ಆಚಾರ್ಯರು ಬಲ್ಲವರಾಗಿದ್ದರು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಬರುವ ಆರು ದಾರಿಹೋಕರ ದೃಷ್ಟಾಂತ ಪ್ರಸಿದ್ಧವಾದುದು. ಹಣ್ಣಿನ ಆಸೆಗೆ ಒಬ್ಬನು ಮರವನ್ನು ಬೇರುಸಹಿತ ಕೀಳಬಯಸುತ್ತಾನೆ. ಇನ್ನೊಬ್ಬನಿಗೆ ಕಾಂಡ ಬೇಕು, ಮತ್ತೊಬ್ಬನಿಗೆ ಹೆಗ್ಗೊಂಬೆ, ಮಗದೊಬ್ಬನಿಗೆ ಕಿರುಗೊಂಬೆ, ಐದನೆಯವನಿಗೆ ಹಣ್ಣು ಮಾತ್ರ. ಆರನೆಯವನು ನೆಲಕ್ಕೆ ಬಿದ್ದುದರಲ್ಲಿಯೇ ತೃಪ್ತನು. ಕೃಷ್ಣದಿಂದ ಶುಕ್ಲದವರೆಗಿನ ಆರು ಲೇಶ್ಯೆಗಳು ಹೀಗೆ ಬಣ್ಣಗಳಾಗಿ ನಿಲ್ಲುತ್ತವೆ.

ಆದರೆ ದೃಷ್ಟಾಂತವು ನಿಂತಲ್ಲಿಂದಲೇ ಗೃಹಸ್ಥನ ಪ್ರಶ್ನೆ ಮೊದಲಾಗುತ್ತದೆ. ಬಿದ್ದುದನ್ನು ಏನು ಮಾಡಬೇಕು? ಒಣಗಿದ ಎಲೆ ನಿರ್ಜೀವವಿರಬಹುದು. ಎಲೆಯ ರಾಶಿ ನಿರ್ಜೀವವಲ್ಲ. ಅದರ ತಂಪಿನಲ್ಲಿ ದ್ವೀಂದ್ರಿಯವಾದ ಎರೆಹುಳುವಿದೆ, ತ್ರೀಂದ್ರಿಯವಾದ ಇರುವೆಯಿದೆ, ಚತುರಿಂದ್ರಿಯವಾದ ಪತಂಗವಿದೆ. ಓತಿ, ಹಾವುಗಳೂ ಅಲ್ಲಿ ಆಶ್ರಯ ಪಡೆದಿರುತ್ತವೆ.

ಈ ಪ್ರಶ್ನೆ ಬಸದಿಯ ಅಂಗಳಕ್ಕಷ್ಟೇ ಸೀಮಿತವಲ್ಲ. ಕೃಷ್ಣೆ, ಘಟಪ್ರಭೆಯರ ನೀರಿನಿಂದ ಈ ಭಾಗ ಕಬ್ಬಿನ ಸೀಮೆಯಾಗಿದೆ. ಇಲ್ಲಿಯ ಅನೇಕ ಜೈನ ಕುಟುಂಬಗಳು ಒಕ್ಕಲುತನವನ್ನೇ ನಂಬಿವೆ. ಕಟಾವು ಮುಗಿದ ಫಡದಲ್ಲಿ ಎಕರೆಗೆ ಸುಮಾರು 3-4 ಟನ್ ರವದಿ ಉಳಿಯುತ್ತದೆ. ಅದಕ್ಕೆ ಬೆಂಕಿಯಿಡುವುದು ರೂಢಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ, ನೀರನ್ನು ಸೋಸಿ ಕುಡಿಯುವ ಮನೆಯವರೇ ಅದೇ ಸಂಜೆ ಹೊಲದಲ್ಲಿ ಕಡ್ಡಿ ಗೀರಿದರೆ, ಸೋಸಿದ ನೀರಿನಿಂದ ಉಳಿದ ಜೀವಗಳೆಷ್ಟು, ಆ ಉರಿಯಲ್ಲಿ ಅಳಿದವೆಷ್ಟು?

ಒಕ್ಕಲುತನದ ಹಿಂಸೆ ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅದು ಅನಿವಾರ್ಯ ಎಂಬ ಸಮಾಧಾನವುಂಟು. ನೇಗಿಲಿನ ಮಟ್ಟಿಗೆ ಆ ಮಾತು ಸಲ್ಲುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಸಸ್ಯ ಕಡಿಯುವುದು ಇವುಗಳನ್ನು ಪ್ರಮಾದಚರ್ಯೆಯೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಬೇರೆ ಮಾರ್ಗ ಕಣ್ಣೆದುರಿಗಿರುವಾಗ ಹಚ್ಚಿದ ಬೆಂಕಿ ಯಾವ ಪಕ್ಷಕ್ಕೆ ಸೇರುತ್ತದೆ?

ಮಾರ್ಗವೇನೋ ಇದೆ. ರವದಿಯನ್ನು ಸಾಲುಬಿಟ್ಟು ಸಾಲಿಗೆ ಹರವಿ, ಸಗಣಿರಾಡಿ ಚಿಮುಕಿಸಿ, ನೀರು ಹಾಯಿಸಿದರೆ ಕೆಲವು ತಿಂಗಳುಗಳಲ್ಲಿ ಅದು ಗೊಬ್ಬರವಾಗುತ್ತದೆ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ. ಒಕ್ಕಲಿಗನ ಕಷ್ಟವೂ ಸುಳ್ಳಲ್ಲ: ಕೂಲಿಯಾಳು ಸಿಗುವುದಿಲ್ಲ, ಕುಳೆ ಬೆಳೆಗೆ ನೀರು ಬಿಡುವ ಅವಸರವಿರುತ್ತದೆ, ರವದಿಯಲ್ಲಿ ಇಲಿ ಸೇರುತ್ತದೆಂಬ ಭಯವಿರುತ್ತದೆ. ರವದಿ ಪುಡಿಮಾಡುವ ಯಂತ್ರದ ಅಲಗಿಗೂ ಜೀವಗಳು ಸಿಲುಕುತ್ತವೆ. ಸಂಪೂರ್ಣ ಅಹಿಂಸೆ ಹೊಲದಲ್ಲಿ ದೊರೆಯದು. ಆದರೆ ಫಡದ ಸುತ್ತಲೂ ಹಚ್ಚಿದ ಬೆಂಕಿ ಓಡುವ ಜೀವಕ್ಕೆ ದಾರಿಯನ್ನೇ ಬಿಡುವುದಿಲ್ಲ. ಹಿಂಸೆಯನ್ನು ತಗ್ಗಿಸುವ ಯತ್ನಾಚಾರವೇ ಅಣುವ್ರತದ ಪ್ರಾಣ.

ಇಲ್ಲಿ ಭಾರವನ್ನೆಲ್ಲ ಒಕ್ಕಲಿಗನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮುಧೋಳದಲ್ಲಿ ಹುಟ್ಟಿದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಪ್ರತಿಗಳು ಓಲೆಗರಿಯವು. ಒಣಗಿದ ಎಲೆ ಅವಳ ಕೈಯಲ್ಲಿ ಶಾಸ್ತ್ರದಾನವಾಯಿತು. ಇಂದಿನ ಬಸದಿಯ ಟ್ರಸ್ಟು ಅಂಗಳದ ಎಲೆಯನ್ನು ಸುಡದೆ ಮೂಲೆಯ ಗುಂಡಿಯಲ್ಲಿ ಕೆದಕದೆ ಬಿಡಬಹುದು. ಎಲೆ ಉದುರುವ ಕಾರಣಕ್ಕಾಗಿ ಮರವನ್ನು ಕಡಿಸದಿರಬಹುದು. ಉಳ್ಳವರ ಕಾಣಿಕೆಯಿಂದ ಊರಿಗೊಂದು ರವದಿ ಯಂತ್ರವನ್ನು ತರಿಸಿ ಬಡ ಒಕ್ಕಲಿಗನ ಹೊಲಕ್ಕೆ ಕಳುಹಿಸಬಹುದು. ಅದು ಅಭಯದಾನವೇ ಸರಿ.

ಫಾಲ್ಗುಣ ಮುಗಿಯುವುದರೊಳಗೆ ಬೇವು ಮತ್ತೆ ಚಿಗುರುತ್ತದೆ. ಮರವು ತನ್ನ ಎಲೆಯನ್ನು ನೆಲಕ್ಕೆ ಒಪ್ಪಿಸಿತ್ತು, ಬೆಂಕಿಗಲ್ಲ. ಕಡ್ಡಿ ಗೀರುವ ಮೊದಲು ಶ್ರಾವಕನು ಇಷ್ಟನ್ನು ನೆನೆದರೆ ಸಾಕು.