ಮುಂದಿನ ಸಾಲಿನ ಕುರ್ಚಿ

ದುರ್ಗಿಗುಡಿಯ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಗಳು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮದುವೆಯ ಕರೆಯೋಲೆ ಕೊಡಲು. ಇನ್ನೊಂದು, ತಮ್ಮ ಮಗುವಿಗೆ ಶಾಲೆಯಲ್ಲಿ ಸೀಟು ಕೇಳಲು. ಈಚೆಗೆ ಒಬ್ಬ ಈ ಎರಡೂ ಅಲ್ಲದ ಕಾರಣಕ್ಕೆ ಬಂದ. ಕೈಯಲ್ಲಿ ಅರ್ಧ ಕಿಲೋ ಮೈಸೂರು ಪಾಕು. “ಮೇಡಂ, ಈ ತಿಂಗಳು ಹನ್ನೊಂದು ಬುಕಿಂಗ್!” ಎಂದ.

ಹುಡುಗ ನಿರೂಪಕ. ಆರತಕ್ಷತೆ, ನಾಮಕರಣ, ಗಣಪತಿ ಪೆಂಡಾಲು, ಎಲ್ಲಿ ಮೈಕು ಇದೆಯೋ ಅಲ್ಲಿ ಅವನು. ನಡುನಡುವೆ ಮಿಮಿಕ್ರಿ. ಶಾಲೆಯಲ್ಲಿದ್ದಾಗ ಗಣಿತದಲ್ಲಿ ಮೂವತ್ತೈದು ದಾಟಿದವನಲ್ಲ. ಆದರೆ ಗಣಿತದ ಮೇಷ್ಟರ ದನಿಯಲ್ಲಿ ಮಾತಾಡುವುದರಲ್ಲಿ ನೂರಕ್ಕೆ ನೂರು.

ಇಷ್ಟೊಂದು ಜನ ನಿನ್ನನ್ನು ಹೇಗೆ ಹುಡುಕುತ್ತಾರೋ ಎಂದು ಕೇಳಿದೆ. ಅವನು ಫೋನು ತೆಗೆದು ನನಗೆ ಪಾಠ ಮಾಡಿದ. ಒಂದು ನಿಮಿಷದ ವಿಡಿಯೋ ಸಾಕಂತೆ. ಮೊದಲ ಮೂರು ಸೆಕೆಂಡಿನಲ್ಲಿ ನೋಡುವವರ ಹೆಬ್ಬೆರಳು ನಿಲ್ಲಬೇಕು. ಕೆಳಗೆ ಶಿವಮೊಗ್ಗ, ಭದ್ರಾವತಿ ಎಂದು ಊರ ಹೆಸರು, ಫೋನ್ ನಂಬರು. ಫೋಟೋದವರು, ಅಡುಗೆಯವರು, ಶಾಮಿಯಾನದವರನ್ನೂ ಅದಕ್ಕೆ ಜೋಡಿಸಿದರೆ ಅವರ ಗಿರಾಕಿಗಳ ಕಣ್ಣಿಗೂ ಬೀಳುತ್ತದೆ. ಕರೆಯುವವರು ಮೊದಲು ಕೇಳುವುದು ಫಾಲೋವರ್ಸ್ ಎಷ್ಟು ಎಂದು. ಸಂಭಾವನೆಯ ಮಾತು ಆಮೇಲೆ. ಕೆಲವರು ದುಡ್ಡು ಕೊಟ್ಟು ಫಾಲೋವರ್ಸ್ ಕೊಳ್ಳುತ್ತಾರಂತೆ. “ಸುಳ್ಳು ಹಾಜರಿ ಹಾಕಿದ ಹಾಗೆ, ಮೇಡಂ” ಎಂದು ನಕ್ಕ. 2020ರ ಜೂನ್‌ನಲ್ಲಿ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅವನು ಕೂಡಿಸಿದ್ದ ನೋಡುಗರೆಲ್ಲ ಒಂದೇ ರಾತ್ರಿಯಲ್ಲಿ ಮಾಯವಾದರು. ಮರುತಿಂಗಳೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಅಲ್ಲಿ ಒಂದರಿಂದ ಮತ್ತೆ ಎಣಿಸಲು ಶುರು ಮಾಡಿದ.

ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವಳು ನಾನು. ಅಂದು ಆ ಮಾತು ಬಾಯಿಗೆ ಬರಲಿಲ್ಲ. ನಮ್ಮ ಕಾಲದಲ್ಲಿ ದನಿಯಿದ್ದವರ ಕನಸೆಂದರೆ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ. ಅಲ್ಲಿ ಧ್ವನಿ ಪರೀಕ್ಷೆಯಲ್ಲಿ ಗೆಲ್ಲಬೇಕು. 1930ರಷ್ಟು ಹಿಂದೆಯೇ ಹುಟ್ಟಿದ ನಮ್ಮ ಕರ್ನಾಟಕ ಸಂಘದಂಥ ವೇದಿಕೆ ಹತ್ತಬೇಕಾದರೆ ನಾಲ್ಕು ಜನಕ್ಕೆ ಗೊತ್ತಿರಬೇಕು. ಮಿಕ್ಕ ಕಡೆಯೆಲ್ಲ ಯಾರಾದರೂ ದೊಡ್ಡವರು ಒಂದು ಮಾತು ಹೇಳಬೇಕು. ಈ ಹುಡುಗನ ಅಪ್ಪ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಮೂಟೆ ಹೊತ್ತವರು. ಅವನ ಪರವಾಗಿ ಮಾತು ಹೇಳುವವರು ಯಾರಿದ್ದರು? ಬೇರೆಯವರು ಹೊಗಳುತ್ತಾರೆಂಬ ಭರವಸೆ ಇದ್ದವರಿಗೆ ವಿನಯ ಸುಲಭ. ಹಾಗಾಗಿ ಅವನ ಫೋನಿನ ಜಾಹೀರಾತು ನನಗೆ ತಪ್ಪೆನಿಸಲಿಲ್ಲ.

ಆಮೇಲೆ ಅವನು ಹನ್ನೊಂದು ಬುಕಿಂಗ್ ತಂದ ವಿಡಿಯೋ ತೋರಿಸಿದ. ನಮ್ಮ ಶಾಲೆಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಜವಾನರ ಅನುಕರಣೆ ಅದು. ಎಡಗಾಲು ಎಳೆಯುತ್ತ ಬಾಗಿಲಿಗೆ ಬರುವುದು, ಸುತ್ತೋಲೆ ಪುಸ್ತಕ ಚಾಚುವುದು, “ಮೇ... ಮೇ... ಮೇಡಂ” ಎಂದು ತೊದಲುವುದು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕು ಸುಮ್ಮನಾಗಲಿಲ್ಲ, ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕಳಿಸಿ, ಜೊತೆಗೆ ಮೂರು ನಗುವ ಮುಖಗಳನ್ನೂ ಅಂಟಿಸಿದೆ.

ಹದಿನೈದು ದಿನ ಕಳೆದಿರಬೇಕು. ಸಂಜೆ ತರಕಾರಿ ತರಲು ಹೊರಟಾಗ ಆ ಜವಾನರೇ ಗೇಟಿನ ಬಳಿ ನಿಂತಿದ್ದರು. ಒಳಗೆ ಕರೆದರೂ ಬರಲಿಲ್ಲ. ಮೊಮ್ಮಗ ಫೋನಿನಲ್ಲಿ ತೋರಿಸಿದನಂತೆ. ಬೀದಿಯ ಮಕ್ಕಳು ಈಗ ಅವರನ್ನು ಕಂಡರೆ “ಮೇ... ಮೇ...” ಎಂದು ಓಡುತ್ತಾರಂತೆ. ಅವರು ದೂರು ಹೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದರು: “ಮೇಡಂ, ನಾನು ಹಂಗೇ ನಡೀತಿದ್ನಾ?”

ಮೇಷ್ಟರ ಕೆಲಸ ಮಾಡಿದವರಿಗೆ ಪ್ರಶ್ನೆಗೆ ಉತ್ತರ ಕೊಡುವುದು ಚಟ. ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಎಷ್ಟು ಸಲ ವಿಸ್ತರಿಸಿ ಬರೆಸಿದ್ದೇನೋ! ಬೆಕ್ಕಿನ ಕಡೆ ನಾನೂ ನಿಂತಿದ್ದೆನೆಂದು ಅಂದು ತಿಳಿಯಿತು.

ಹುಡುಗನಿಗೆ ಫೋನು ಮಾಡಿದೆ. ಅವನು ಸುಮ್ಮನೆ ಒಪ್ಪಲಿಲ್ಲ. “ಹೆಸರು ಹೇಳಿಲ್ಲವಲ್ಲ ಮೇಡಂ. ಅವರ ಮೇಲೆ ಪ್ರೀತಿ ಇಲ್ಲದಿದ್ದರೆ ಅಷ್ಟು ಚೆನ್ನಾಗಿ ಮಾಡೋಕೆ ಆಗ್ತಿತ್ತಾ? ಸ್ಕೂಲ್ ಡೇನಲ್ಲೂ ಇದನ್ನೇ ಮಾಡಿದ್ದೆ. ಆಗ ನೀವೆಲ್ಲ ಚಪ್ಪಾಳೆ ಹೊಡೆದಿರಿ, ಅವರೂ ನಕ್ಕರು.”

ಅವನು ಹೇಳಿದ್ದು ನಿಜ. ಆ ವಾರ್ಷಿಕೋತ್ಸವ ನನಗೂ ನೆನಪಿದೆ. ಜವಾನರು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು. ಹಾಗಾದರೆ ಅಂದು ಸರಿಯಾದದ್ದು ಇಂದು ಹೇಗೆ ತಪ್ಪಾಯಿತು?

ಬಹಳ ದಿನ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು. ಅಂದು ನಗುವವರೆಲ್ಲರಿಗೂ ಅವರು ಗೊತ್ತಿತ್ತು. ಮಳೆಗಾಲದಲ್ಲಿ ಮಕ್ಕಳನ್ನು ಕೈಹಿಡಿದು ರಸ್ತೆ ದಾಟಿಸಿದವರು, ಬಿದ್ದವರ ಮಂಡಿಗೆ ಟಿಂಚರ್ ಹಚ್ಚಿದವರು ಎಂಬುದು ಗೊತ್ತಿತ್ತು. ಎಳೆಯುವ ಕಾಲು ಅವರಲ್ಲಿ ಒಂದು ಅಂಶ ಮಾತ್ರ. ವಿಡಿಯೋ ನೋಡಿದ ಸಾವಿರಾರು ಜನಕ್ಕೆ ಆ ಕಾಲು, ಆ ತೊದಲು ಬಿಟ್ಟರೆ ಅವರಲ್ಲಿ ಬೇರೇನೂ ಇಲ್ಲ. ಅಲ್ಲದೆ ಅಂದು ಹುಡುಗ ಅವರ ಮುಖ ನೋಡುತ್ತ ಆಡಿದ್ದ. ಮುಖ ಸ್ವಲ್ಪ ಬಾಡಿದ್ದರೂ ನಿಲ್ಲಿಸಿಬಿಡುತ್ತಿದ್ದ. ಫೋನಿನ ಎದುರು ಆಡುವವನಿಗೆ ಯಾರ ಮುಖವೂ ಕಾಣುವುದಿಲ್ಲ, ಎಣಿಕೆ ಮಾತ್ರ ಕಾಣುತ್ತದೆ. ಕೊನೆಯದಾಗಿ, ಅಂದು ಆ ನಗುವಿನಿಂದ ಯಾರಿಗೂ ಕಾಸು ಹುಟ್ಟಲಿಲ್ಲ. ಇಂದು ಒಬ್ಬರ ಕುಂಟುಕಾಲು ಇನ್ನೊಬ್ಬರ ಅಂಗಡಿಯ ಬೋರ್ಡಾಗಿದೆ.

ಹಾಗೆಂದು ಯಾರನ್ನೂ ಅಣಕಿಸಲೇಬಾರದೆಂದು ನಾನು ಹೇಳಲಾರೆ. 2019ರಲ್ಲಿ ತೀರಿಕೊಂಡ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಧಿಕಾರಸ್ಥರನ್ನು ಬಿಟ್ಟವರೇ ಅಲ್ಲ, ಅಂದಂದಿನ ರಾಜಕೀಯವನ್ನೂ ಮಾತಿನ ಮಧ್ಯೆ ಎಳೆದು ತರುತ್ತಿದ್ದರು. ಆದರೆ ಅವರ ಮಾತಿಗೆ ಗುರಿಯಾದವರಿಗೆ ಉತ್ತರ ಕೊಡುವ ಶಕ್ತಿಯಿತ್ತು. ಇನ್ನು ನಿರೂಪಣೆಯ ಮಾತು. 2024ರ ಜುಲೈಯಲ್ಲಿ ನಮ್ಮನ್ನು ಅಗಲಿದ ಅಪರ್ಣಾ ಅವರ ಅಚ್ಚ ಕನ್ನಡವನ್ನು ವೇದಿಕೆಯಲ್ಲಿ, ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಕೇಳಿದವರು ಎಷ್ಟೋ ಜನ. ಆ ಹೆಸರು ಬಂದದ್ದು ಭಾಷೆಯ ಮೇಲಿನ ಹಿಡಿತದಿಂದ.

ಹುಡುಗ ಜವಾನರ ಮನೆಗೆ ಹೋದ. ನಾನೂ ಜೊತೆಗಿದ್ದೆ; ಕಳಿಸಿದವಳು ನಾನೂ ತಾನೆ. ಅವರು ಕಾಫಿ ಕೊಡಿಸಿದರು. “ತೆಗೀಬೇಡ ಕಣೋ, ನಿನ್ನ ಹೊಟ್ಟೆಪಾಡು. ಇರಲಿ ಬಿಡು” ಎಂದರು. ಹುಡುಗ ನನ್ನ ಮುಖ ನೋಡಿದ. ಒಪ್ಪಿಗೆ ಸಿಕ್ಕಿತಲ್ಲ ಎಂಬ ಆಸೆ ಅವನ ಕಣ್ಣಲ್ಲಿತ್ತು. ಮೊದಲೇ ಕೇಳಿದ್ದರೆ ಅದು ಒಪ್ಪಿಗೆಯಾಗುತ್ತಿತ್ತು, ಆದ ಮೇಲೆ ಕೇಳಿದರೆ ಅವರು ಕೊಟ್ಟದ್ದು ಕ್ಷಮೆ. ಎರಡೂ ಒಂದೇ ಅಲ್ಲ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ. ಅವನಿಗೇ ಅರ್ಥವಾಗಿರಬೇಕು. ಅಲ್ಲೇ ಕೂತು ವಿಡಿಯೋ ಅಳಿಸಿದ.

ಅಳಿಸಿದರೆ ಹೋಯಿತೇ? ನನ್ನಂಥವರು ಹಂಚಿದ ಪ್ರತಿಗಳು ಎಲ್ಲೆಲ್ಲಿ ಓಡಾಡುತ್ತಿವೆಯೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುತಿಂಗಳು ಅವನಿಗೆ ಬಂದದ್ದು ನಾಲ್ಕೇ ಬುಕಿಂಗ್. ಆ ನಷ್ಟವನ್ನು ನಾನು ತುಂಬಿಕೊಡಲಾರೆ. ನೀತಿ ಹೇಳಿದ್ದು ನಾನು, ಬೆಲೆ ತೆತ್ತದ್ದು ಅವನು. ಇದೂ ನನ್ನನ್ನು ಚುಚ್ಚುತ್ತದೆ.

ಮೊನ್ನೆ ಹೊಸ ವಿಡಿಯೋ ಕಳಿಸಿದ್ದ. ಇಂಗ್ಲಿಷ್ ಬೆರೆಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬೈಯುವ ಟೀಚರೊಬ್ಬಳು ಅದರಲ್ಲಿದ್ದಳು. ಕೆಳಗೆ ಬರೆದಿದ್ದ: “ಮೇಡಂ, ಹಾಕಲಾ?”

ಎರಡು ಸಲ ನೋಡಿದೆ. ಕನ್ನಡಿಯ ಮುಂದೆ ಹೋಗಿ ಕನ್ನಡಕ ಎಲ್ಲಿದೆಯೆಂದೂ ನೋಡಿಕೊಂಡೆ. ನಾನು ಹೀಗೇ ಬೈಯುತ್ತಿದ್ದೆನೇ ಎಂದು ಸ್ವಲ್ಪ ನೋವಾಯಿತು. ಸ್ವಲ್ಪ ಹೊತ್ತು ಬಿಟ್ಟು “ಹಾಕು” ಎಂದು ಬರೆದೆ.

ಈ ಸಲ ಮುಂದಿನ ಸಾಲಿನ ಕುರ್ಚಿಯಲ್ಲಿ ನಾನು ಕೂತಿದ್ದೆ. ಕೂರಿಸಿ ಕೇಳಿದ್ದ, ಅಷ್ಟು ಸಾಕು.