ಎದುರು ಕೂತವರು

ಎಸ್ಸೆನ್‌ನ ಆಟದ ಮೇಳದಲ್ಲಿ ಕಳೆದ ಒಂದು ಶನಿವಾರ ನಾನು ಆರು ಆಟ ಆಡಿದೆ. ನಾಲ್ಕರಲ್ಲಿ ಸೋತೆ, ಒಂದರಲ್ಲಿ ಗೆದ್ದೆ. ಉಳಿದ ಒಂದರಲ್ಲಿ ಗೆದ್ದವರು, ಸೋತವರು ಎಂಬ ಭೇದವೇ ಇರಲಿಲ್ಲ. ಸಂಜೆ ಡ್ಯೂಸೆಲ್‌ಡಾರ್ಫಿಗೆ ಮರಳುವ ರೈಲು ಹತ್ತಿದಾಗ ಗೆದ್ದ ಆಟ ಆಗಲೇ ಮಸುಕಾಗಿತ್ತು. ಬೆಳಿಗ್ಗೆ ಮೊಟ್ಟಮೊದಲು ಸೋತದ್ದು ಮಾತ್ರ ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಚುರುಗುಟ್ಟುತ್ತಿತ್ತು. ಬಂದರು ಕಟ್ಟಿ ಸರಕು ಮಾರುವ ಆಟ. ಮರದ ಬಿಲ್ಲೆಗಳು, ರಟ್ಟಿನ ಹಡಗುಗಳು. ಎರಡು ಗಂಟೆ ಆಡಿ ಒಂದೇ ಅಂಕದಲ್ಲಿ ಕೈತಪ್ಪಿತು. ಪಣವಿರಲಿಲ್ಲ, ಬಹುಮಾನವಿರಲಿಲ್ಲ. ಎದುರು ಕೂತಿದ್ದ ಮೂವರನ್ನು ನಾನು ಮತ್ತೆಂದೂ ಕಾಣಲಾರೆ. ಏನೂ ಕಳೆದುಕೊಳ್ಳದೆ ನೋಯುವುದೆಂದರೆ ಏನು? ಆ ನೋವು ಎಲ್ಲಿಂದ ಬರುತ್ತದೆ? ಐವತ್ತು ದಾಟಿದ ಮೇಲೂ ನನಗೆ ಈ ಪ್ರಶ್ನೆ ಬಗೆಹರಿದಿರಲಿಲ್ಲ.

ಎಸ್ಸೆನ್ ಜರ್ಮನಿಯ ರೂರ್ ಸೀಮೆಯ ಊರು. ಕಲ್ಲಿದ್ದಲಿಗೂ ಕ್ರುಪ್ ಮನೆತನದ ಉಕ್ಕಿಗೂ ಹೆಸರಾದದ್ದು. ಊರಿನ ಕೊನೆಯ ಗಣಿ ತ್ಸೋಲ್‌ಫೆರೈನ್ 1986ರಲ್ಲಿ ಮುಚ್ಚಿತು. ಅದಕ್ಕೆ ಮೂರು ವರ್ಷ ಮೊದಲು, 1983ರಲ್ಲಿ, ಆಟಗಳಿಗೆಂದೇ ಇದ್ದ ಒಂದು ಪತ್ರಿಕೆಯ ಓದುಗರು ಅಲ್ಲಿನ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಸೇರಿ ಆಡಿದರು. ಆ ಕೂಟವೇ ಬೆಳೆದು ಇವತ್ತಿನ ‘ಶ್ಪೀಲ್’ ಮೇಳವಾಗಿದೆ. ಪ್ರತಿ ಅಕ್ಟೋಬರಿನಲ್ಲಿ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. 2024ರಲ್ಲಿ ಆ ನಾಲ್ಕು ದಿನ ಬಂದವರು ಎರಡು ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಸೇರಿದ ಜಾಗ ಜಾತ್ರೆಯಂತೆ ಗದ್ದಲವಾಗಿರಬೇಕಲ್ಲ? ಸದ್ದಿದೆ, ಆದರೆ ಅದು ಜೇನುಗೂಡಿನ ಸದ್ದು. ಸಾವಿರಾರು ಮೇಜುಗಳಲ್ಲಿ ತಲೆ ತಗ್ಗಿಸಿ ಕೂತವರ ಗುಜುಗುಜು. ಖಾಲಿ ಕುರ್ಚಿ ಕಂಡರೆ ‘ಕೂರಬಹುದೇ’ ಎಂದು ಕೇಳಿದರೆ ಸಾಕು. ಹೆಸರು, ಊರು, ಉದ್ಯೋಗ ಯಾರೂ ವಿಚಾರಿಸುವುದಿಲ್ಲ. ನಿಯಮ ಹೇಳಿಕೊಡಲು ಒಬ್ಬರು ಇರುತ್ತಾರೆ. ಅಂಥವರನ್ನು ಜರ್ಮನರು ಅಕ್ಕರೆಯಿಂದ ‘ಎರ್ಕ್ಲೇರ್‌ಬೇರ್’ ಎನ್ನುತ್ತಾರೆ. ವಿವರಿಸುವ ಕರಡಿ ಎಂದರ್ಥ. ಹತ್ತು ನಿಮಿಷ ಕಿವಿಗೊಟ್ಟರೆ ನಾಲ್ವರು ಅಪರಿಚಿತರು ಒಂದೇ ಕಟ್ಟಳೆಗೆ ಒಳಪಟ್ಟಿರುತ್ತೇವೆ. ಕಾವಲಿಗೆ ಪೊಲೀಸರಿಲ್ಲ, ಸಹಿಯಿಲ್ಲ. ಆದರೂ ಯಾರೂ ಮುರಿಯುವುದಿಲ್ಲ. ನನಗೆ ಇದು ಪ್ರತಿ ಸಲವೂ ಪವಾಡದ ಹಾಗೆ ಕಾಣುತ್ತದೆ.

ಮಧ್ಯಾಹ್ನ ಬ್ರೆಡ್ಡು ಕಚ್ಚುತ್ತ ಅಡ್ಡಾಡುವಾಗ ಒಂದು ಮಳಿಗೆಯಲ್ಲಿ ಕೆಂಪು ಪೆಟ್ಟಿಗೆ ಕಣ್ಣಿಗೆ ಬಿತ್ತು. ಜರ್ಮನಿಯ ಮನೆಮನೆಯಲ್ಲೂ ಇರುವ ಆಟ: ‘ಮೆನ್ಶ್ ಎರ್ಗರೆ ಡಿಶ್ ನಿಶ್ಟ್’. ‘ಮನುಷ್ಯಾ, ಸಿಟ್ಟಾಗಬೇಡ’ ಎಂದೇ ಅದರ ಹೆಸರು. ಮುಚ್ಚಳ ತೆಗೆದರೆ ನಮ್ಮ ಪಗಡೆಯ ಶಿಲುಬೆಯಾಕಾರ! ಬೇರೆ ದಾರಿಯಿಂದ ಬಂದ ಹೋಲಿಕೆಯಲ್ಲ, ನೇರ ವಂಶ. ಪಚ್ಚೀಸಿಯನ್ನು ಕಂಡ ಇಂಗ್ಲಿಷರು ಅದನ್ನು ಸರಳಗೊಳಿಸಿ 1896ರಲ್ಲಿ ಲೂಡೋ ಎಂದು ಪೇಟೆಂಟ್ ಪಡೆದರು. ಅದೇ ಕುಟುಂಬದ ಆಟವನ್ನು ಯೋಸೆಫ್ ಫ್ರೀಡ್ರಿಶ್ ಶ್ಮಿಟ್ ಎಂಬಾತ ಮ್ಯೂನಿಕ್ಕಿನಲ್ಲಿ ತನ್ನ ಗಂಡುಮಕ್ಕಳನ್ನು ಮನೆಯೊಳಗೆ ಸುಮ್ಮನಿರಿಸಲು ರಟ್ಟಿನ ಮೇಲೆ ಬರೆದ. ಮೊದಲ ಮಹಾಯುದ್ಧ ಬಂದಾಗ ಮೂರು ಸಾವಿರ ಪ್ರತಿಗಳನ್ನು ಸೈನಿಕರ ಆಸ್ಪತ್ರೆಗಳಿಗೆ ಉಚಿತವಾಗಿ ಕಳಿಸಿದ. ಕೈಕಾಲು ಕಳೆದುಕೊಂಡು ಮಲಗಿದ್ದ ಹುಡುಗರು ಹಾಸಿಗೆಯ ಮೇಲೆ ದಾಳ ಉರುಳಿಸುತ್ತ ‘ಮನುಷ್ಯಾ, ಸಿಟ್ಟಾಗಬೇಡ’ ಎಂಬ ಆಟವನ್ನು ಆಡಿದರು. ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನಾನು ತುಂಬ ಹೊತ್ತು ಅಲ್ಲೇ ನಿಂತಿದ್ದೆ.

ನಿಯಮದ ಹಾಳೆ ಓದಿದೆ. ಓದುತ್ತ ಹೋದ ಹಾಗೆ ಹಾದಿಯಲ್ಲಿ ಏನೇನು ಕಳೆದುಹೋಗಿದೆ ಎಂಬುದು ಹೊಳೆಯಿತು. ನಮ್ಮ ಪಗಡೆ ಹಾಸಿನ ಮೇಲೆ ನಡುನಡುವೆ ಗುರುತು ಹಾಕಿದ ಮನೆಗಳಿರುತ್ತವೆ. ಚೌಕಾಬಾರದಲ್ಲೂ ಇವೆ, ಕಟ್ಟೆ ಎನ್ನುತ್ತೇವೆ. ಕಟ್ಟೆ ಹತ್ತಿದ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಬಿಸಿಲಲ್ಲಿ ನಡೆದವನು ಅರಳಿಕಟ್ಟೆಯಲ್ಲಿ ಕೂತು ದಣಿವಾರಿಸಿಕೊಳ್ಳುವ ಹಾಗೆ, ಕಾಯಿಗೂ ಒಂದು ನೆಲೆ. ಜರ್ಮನ್ ಹಾದಿಯಲ್ಲಿ ಕಟ್ಟೆಯಿಲ್ಲ. ಮನೆಯ ಹೊಸ್ತಿಲು ಮುಟ್ಟುವವರೆಗೆ ಪ್ರತಿ ಹೆಜ್ಜೆಯಲ್ಲೂ ಹೊಡೆತದ ಭಯ. ಕಳೆದುಹೋದ ಇನ್ನೊಂದು ಇದಕ್ಕಿಂತ ದೊಡ್ಡದು. ಪಗಡೆ, ಪಚ್ಚೀಸಿಗಳಲ್ಲಿ ನಾಲ್ವರು ಕೂತರೆ ಎದುರುಬದುರಿನವರು ಜೊತೆ. ನನ್ನ ಕಾಯಿಗಳೆಲ್ಲ ಹಣ್ಣಾದರೂ ನಾನು ಗೆದ್ದ ಹಾಗಲ್ಲ; ಜೊತೆಗಾರನವೂ ಹಣ್ಣಾಗಬೇಕು. ಅದಕ್ಕಾಗಿ ಬಲ್ಲ ಆಟಗಾರರು ತಮ್ಮ ಕೊನೆಯ ಕಾಯಿಯನ್ನು ಬೇಕೆಂದೇ ಒಳಗೆ ಸೇರಿಸದೆ, ಹಿಂದೆ ಬಿದ್ದ ಜೊತೆಗಾರನ ದಾರಿ ಕಾಯಲು ಹೊರಗೇ ಉಳಿಸಿಕೊಳ್ಳುವುದುಂಟು. ಕೆಂಪು ಪೆಟ್ಟಿಗೆಯ ಆಟದಲ್ಲಿ ನಾಲ್ವರೂ ಒಬ್ಬೊಂಟಿಗಳು.

ಕಟ್ಟೆಯನ್ನೂ ಜೊತೆಯನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಒಂದೇ ಉಪದೇಶ: ಸಿಟ್ಟಾಗಬೇಡ. ಬೆಳಗಿನ ಮೇಜಿನಲ್ಲಿ ನನಗೆ ನಾನೇ ಹೇಳಿಕೊಂಡದ್ದೂ ಅದನ್ನೇ. ಅದು ನಾಟಲಿಲ್ಲ.

ಸಿಟ್ಟು ಎಂದರೆ ನನಗೆ ನೆನಪಾಗುವುದು ಮೈಸೂರಿನ ನಮ್ಮ ಮನೆಯ ಜಗಲಿ. ಸೀಮೆಸುಣ್ಣದಲ್ಲಿ ಅಡ್ಡ ಐದು, ಉದ್ದ ಐದು, ಇಪ್ಪತ್ತೈದು ಮನೆ, ನಾಲ್ಕು ಕವಡೆ. ನನ್ನದು ಬಳೆಚೂರು, ಅಜ್ಜಿಯದು ಹುಣಸೆಬೀಜ. ಆಗ ನನಗೆ ಏಳೋ ಎಂಟೋ ವರ್ಷ. ಹಣ್ಣಾಗಲು ಇನ್ನು ಎರಡೇ ಮನೆ ಇದ್ದ ನನ್ನ ಕಾಯಿಯನ್ನು ಅಜ್ಜಿ ಹೊಡೆದಳು. ನಾನು ಎದ್ದು ಕಾಲಿಂದ ಎಲ್ಲವನ್ನೂ ಚೆಲ್ಲಾಡಿಬಿಟ್ಟೆ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಮೂಲೆಮೂಲೆಗೆ ಉರುಳಿದ್ದ ಬೀಜಗಳನ್ನೂ ಬಳೆಚೂರುಗಳನ್ನೂ ಹುಡುಕಿ ತಂದು ಒಂದೊಂದನ್ನೂ ಅದು ಇದ್ದ ಮನೆಯಲ್ಲೇ ಇಟ್ಟಳು. ಹೊಡೆತ ತಿಂದ ಕಾಯಿ ಮಾತ್ರ ಹೊರಗೆ. ಕಟ್ಟೆಯ ಮೇಲಿದ್ದ ನನ್ನ ಎರಡು ಬಳೆಚೂರು ಕಟ್ಟೆಯ ಮೇಲೇ ಬಂದವು. ಅಳುವ ಭರದಲ್ಲಿ ಅವು ಅಲ್ಲಿದ್ದದ್ದು ನನಗೇ ಮರೆತಿತ್ತು. ‘ಆಟ ಮುಗೀಲಿ ಮಗಾ, ಆಮೇಲೆ ಅಳುವಂತೆ. ಹಾಕು ಗರ, ನಿಂದೇ ಸರದಿ’ ಅಂದಳು.

ಡಚ್ ಇತಿಹಾಸಕಾರ ಯೋಹಾನ್ ಹೌಸಿಂಗ 1938ರಲ್ಲಿ ಬರೆದ ‘ಹೋಮೋ ಲುಡೆನ್ಸ್’ ಪುಸ್ತಕದಲ್ಲಿ ಮೋಸಗಾರನನ್ನೂ ಆಟಗೆಡುಕನನ್ನೂ ಬೇರೆಬೇರೆ ನಿಲ್ಲಿಸಿ ತೂಗುತ್ತಾನೆ. ಮೋಸಗಾರ ನಿಯಮ ಪಾಲಿಸುವಂತೆ ನಟಿಸುವುದರಿಂದ ಆಟದ ಲೋಕವನ್ನು ಒಪ್ಪಿಕೊಂಡ ಹಾಗಾಯಿತು. ಅದನ್ನೇ ಒದ್ದು ಹೋಗುವವನು ಆ ಲೋಕವನ್ನೇ ಒಡೆಯುತ್ತಾನೆ, ಆದ್ದರಿಂದ ಸಮಾಜ ಅವನನ್ನು ಹೆಚ್ಚು ಕಠಿಣವಾಗಿ ಕಾಣುತ್ತದೆ ಎಂಬುದು ಅವನ ವಾದ. ಜಗಲಿಯ ಮೇಲೆ ನಾನು ಆಟಗೆಡುಕನಾಗಿದ್ದೆ. ಆದರೆ ಒಡೆದ ಲೋಕವನ್ನು ನೆನಪಿನಿಂದಲೇ ಮತ್ತೆ ಕಟ್ಟಿದವಳ ಬಗ್ಗೆ ಯಾರು ಬರೆದಿದ್ದಾರೆ? ಅಜ್ಜಿ ನನ್ನ ಎದುರಾಳಿ. ನನ್ನ ಕಾಯಿಗಳನ್ನು ಅವಳು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು. ಎದುರಾಳಿ ಎಂದರೆ ನನ್ನನ್ನು ಅಷ್ಟು ಎಚ್ಚರದಿಂದ ನೋಡುತ್ತಿರುವವರು. ಈ ಮಾತು ತಿಳಿಯಲು ನನಗೆ ನಾಲ್ಕು ದಶಕ ಬೇಕಾಯಿತು.

ಭಾರತದವರು ಆಟದ ಬಗ್ಗೆ ಯೋಚಿಸಿದರೆ ಹಸ್ತಿನಾವತಿಯ ಸಭೆಯನ್ನು ದಾಟಿ ಹೋಗಲಾಗುವುದಿಲ್ಲ. ಶಕುನಿಯ ಕಪಟ, ಧರ್ಮರಾಯನ ಚಟ ಇವೆರಡನ್ನೂ ನಮಗೆ ಬಾಲ್ಯದಿಂದ ಹೇಳಿಕೊಟ್ಟಿದ್ದಾರೆ. ಈಗ ನನಗೆ ಆ ಸಭೆಯಲ್ಲಿ ಎಲ್ಲಕ್ಕಿಂತ ಭೀಕರವಾಗಿ ಕಾಣುವುದು ಬೇರೆ. ಜೊತೆಗೆ ಕೂತು ಆಡಬೇಕಿದ್ದ ನಾಲ್ವರು ತಮ್ಮಂದಿರು ಒಬ್ಬೊಬ್ಬರಾಗಿ ಪಣವಾದರು. ಕೊನೆಗೆ ದ್ರೌಪದಿಯೂ. ಜೊತೆಗಾರರು ಸರಕಾದ ಗಳಿಗೆಯಲ್ಲೇ ಅದು ಆಟವಾಗಿ ಉಳಿಯಲಿಲ್ಲ. ದಾಳದಲ್ಲಿ ಮೋಸವಿತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು. ಎಸ್ಸೆನ್‌ನ ಮೇಜುಗಳಲ್ಲಿ ಸೋತದ್ದೆಲ್ಲ ಪೆಟ್ಟಿಗೆಗೆ ಹಿಂತಿರುಗುತ್ತದೆ. ಧರ್ಮರಾಯ ಸೋತದ್ದು ಯಾವ ಪೆಟ್ಟಿಗೆಗೂ ಹಿಂತಿರುಗುವಂಥದ್ದಾಗಿರಲಿಲ್ಲ.

ಐದನೆಯ ಆಟ ‘ಹನಾಬಿ’. ಜಪಾನಿ ಭಾಷೆಯಲ್ಲಿ ಬಾಣಬಿರುಸು ಎಂದರ್ಥ. ರಚಿಸಿದವನು ಫ್ರಾನ್ಸಿನ ಆಂತ್ವಾನ್ ಬೋಜಾ. ಜರ್ಮನಿಯಲ್ಲಿ 1979ರಿಂದ ಕೊಡುತ್ತಿರುವ ‘ವರ್ಷದ ಆಟ’ ಪ್ರಶಸ್ತಿ 2013ರಲ್ಲಿ ಇದಕ್ಕೆ ಬಂತು. ಐದು ಬಣ್ಣ, ಐವತ್ತು ಎಲೆ. ಪ್ರತಿ ಬಣ್ಣದಲ್ಲೂ ಒಂದರಿಂದ ಐದರವರೆಗೆ ಕ್ರಮವಾಗಿ ಜೋಡಿಸುತ್ತ ಹೋಗಬೇಕು, ಎಲ್ಲರೂ ಸೇರಿ. ಒಂದೇ ಒಂದು ತೊಡಕು: ಎಲೆಗಳನ್ನು ಬೆನ್ನು ನನ್ನ ಕಡೆಗೆ, ಮುಖ ಹೊರಗೆ ಮಾಡಿ ಹಿಡಿಯಬೇಕು. ನನ್ನ ಕೈಯಲ್ಲಿರುವುದು ಮೇಜಿನ ಸುತ್ತ ಎಲ್ಲರಿಗೂ ಕಾಣುತ್ತದೆ, ನನಗೊಬ್ಬನಿಗೆ ಕಾಣುವುದಿಲ್ಲ. ಅವರು ಕೊಡಬಹುದಾದದ್ದು ಒಂದು ಸುಳಿವು ಅಷ್ಟೆ: ‘ನಿನ್ನ ಈ ಎರಡು ಕೆಂಪು’ ಅಥವಾ ‘ಇದು ಮೂರು’. ಸುಳಿವಿನ ಬಿಲ್ಲೆಗಳು ಎಂಟೇ. ಒಂದು ಎಲೆ ಬಿಸಾಡಿದರೆ ಒಂದು ಬಿಲ್ಲೆ ಮರಳಿ ಬರುತ್ತದೆ. ಮೂರು ತಪ್ಪಿಗೆ ಆಟ ಮುಗಿಯಿತು.

ನನ್ನ ಎಡಕ್ಕೆ ನರೆತ ಕೂದಲಿನ ಒಬ್ಬ ಹೆಂಗಸು, ಎದುರಿಗೆ ಅವರ ಮೊಮ್ಮಗ ಇರಬೇಕು, ಹದಿನೈದರ ಹುಡುಗ. ಬಲಕ್ಕೆ ಪೋಲೆಂಡಿನಿಂದ ಬಂದ ತರುಣ. ನನ್ನ ಜರ್ಮನ್ ಕುಂಟುತ್ತದೆ, ಆ ತರುಣನದೂ ಹಾಗೆಯೇ. ಬಣ್ಣದ ಹೆಸರು, ಒಂದರಿಂದ ಐದರವರೆಗಿನ ಎಣಿಕೆ ಗೊತ್ತಿದ್ದರೆ ಸಾಕಿತ್ತು. ಒಂದು ಹಂತದಲ್ಲಿ ಆ ಅಜ್ಜಿ ನನ್ನ ತುದಿಯ ಎಲೆಯನ್ನು ಬೆರಳಿಂದ ಮುಟ್ಟಿ ‘ಐದು’ ಎಂದರು. ಐದು ಪ್ರತಿ ಬಣ್ಣದಲ್ಲೂ ಒಂದೇ ಇರುತ್ತದೆ. ಕೈತಪ್ಪಿದರೆ ಆ ಬಣ್ಣ ಪೂರ್ತಿಯಾಗುವುದೇ ಇಲ್ಲ. ಯಾವ ಬಣ್ಣದ್ದು ಎಂದು ಅವರು ಹೇಳಲಿಲ್ಲ, ಹೇಳುವಂತಿರಲಿಲ್ಲ. ನಾನು ಆ ಎಲೆಯನ್ನು ಎಂಟು ಸರದಿ ಹಿಡಿದುಕೊಂಡೇ ಕೂತೆ. ಏನೆಂದು ಗೊತ್ತಿಲ್ಲದ ಒಂದನ್ನು, ಅದು ಬೆಲೆಯುಳ್ಳದ್ದು ಎಂದು ಇನ್ನೊಬ್ಬರು ಹೇಳಿದರೆಂಬ ಒಂದೇ ಕಾರಣಕ್ಕೆ ಕಾಪಾಡಿಕೊಂಡು ಕೂರುವುದು. ನನ್ನ ಜೀವನದ ಮುಖ್ಯವಾದ ಸಂಗತಿಗಳಲ್ಲಿ ಎಷ್ಟೋ ಹೀಗೇ ನಡೆದಿವೆ ಎಂದು ಅಲ್ಲಿ ಕೂತಾಗಲೇ ಅನ್ನಿಸಿತು. ನನಗೆ ನನ್ನಲ್ಲಿ ಏನಿದೆಯೆಂದು ತಿಳಿಯುವ ಮೊದಲೇ ಅದನ್ನು ಕಂಡು, ಬಿಸಾಡಬೇಡ ಎಂದ ಮೇಷ್ಟರು, ಅಕ್ಕ, ಸ್ನೇಹಿತರು.

ಕೊನೆಗೆ ಇಟ್ಟಾಗ ಅದು ಹಸಿರು ಐದಾಗಿತ್ತು. ಹುಡುಗ ಮೇಜು ಕುಟ್ಟಿದ. ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂತು.

ಆಮೇಲೆ ಇನ್ನೊಂದು ಆಡಿದೆ, ಅದರಲ್ಲೂ ಸೋತೆ. ಅದರ ಬಗ್ಗೆ ಹೇಳುವುದೇನೂ ಇಲ್ಲ. ಏಳು ಗಂಟೆಗೆ ಬಾಗಿಲು ಮುಚ್ಚುವ ಹೊತ್ತಾಯಿತು. ಜನ ಚೀಲಗಳನ್ನು ಹೊತ್ತು ಸುರಂಗ ರೈಲಿನ ಕಡೆ ಹೊರಟರು.

ರೈಲಿನಲ್ಲಿ ಬೆಳಗಿನ ಮುಳ್ಳು ಮತ್ತೆ ಚುಚ್ಚಿದಾಗ ನಾನು ಆ ಮೇಜನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ನನ್ನ ಹಡಗುಗಳು ಎಲ್ಲಿದ್ದವು, ನನ್ನ ಅಂಕ ಎಷ್ಟು, ಕೊನೆಯ ಸರದಿಯಲ್ಲಿ ನಾನು ಏನು ಮಾಡಬೇಕಿತ್ತು, ಎಲ್ಲವೂ ಗೆರೆ ಕೊರೆದಂತೆ ಕಂಡಿತು. ಆ ಮೂವರ ಮುಖ ಕಾಣಲಿಲ್ಲ. ಒಬ್ಬರು ಕನ್ನಡಕ ಹಾಕಿದ್ದರೇ? ಗೆದ್ದದ್ದು ಹೆಂಗಸೋ ಗಂಡಸೋ? ಎರಡು ಗಂಟೆ ಮೊಳಕೈ ದೂರದಲ್ಲಿ ಕೂತವರು. ನಾನು ಅವರನ್ನು ಒಮ್ಮೆಯೂ ನೋಡಿರಲಿಲ್ಲ. ನನ್ನ ಹಡಗುಗಳನ್ನೇ ನೋಡುತ್ತಿದ್ದೆ. ಹನಾಬಿಯ ಮೂವರಾದರೋ ಕಣ್ಣಿಗೆ ಕಟ್ಟಿದ ಹಾಗಿದ್ದರು: ಅಜ್ಜಿಯ ಸಣ್ಣ ಉಂಗುರ, ತರುಣ ಸುಳಿವು ಕೊಡುವ ಮೊದಲು ತುಟಿ ಕಚ್ಚುತ್ತಿದ್ದದ್ದು, ಹುಡುಗನ ಕೈಯಲ್ಲಿದ್ದ ಎರಡು ಹಳದಿ ಮತ್ತು ಒಂದು ನೀಲಿ. ನನ್ನ ಕೈ ನನಗೆ ಕಾಣದಂತೆ ತಿರುಗಿದ್ದರಿಂದ ಕಣ್ಣಿಗೆ ಬೇರೆ ದಾರಿಯೇ ಇರಲಿಲ್ಲ, ಅವರನ್ನು ನೋಡಲೇಬೇಕಿತ್ತು.

ಬೆಳಗಿನ ಮೇಜಿನಲ್ಲೂ ನನಗೆ ಅಂಥ ಮೂವರು ಇದ್ದರು. ಪ್ರತಿ ಸರದಿಯಲ್ಲೂ ನನ್ನ ಹಡಗುಗಳನ್ನು ಎಚ್ಚರದಿಂದ ನೋಡಿದ್ದವರು, ನಾನು ಯೋಚಿಸುವವರೆಗೆ ಕಾದಿದ್ದವರು, ಮುಗಿದ ಮೇಲೆ ಕೈಕುಲುಕಿ ಧನ್ಯವಾದ ಹೇಳಿ ಹೋದವರು. ಸೋಲಿನಿಂದ ನನಗೆ ಏನೂ ನಷ್ಟವಾಗಲಿಲ್ಲ ಎಂದು ಮೊದಲು ಬರೆದೆ. ಅದು ತಪ್ಪು. ಆ ಮೂವರು ನಷ್ಟವಾದರು, ಆಟ ಮುಗಿಯುವುದಕ್ಕೆ ಬಹಳ ಮೊದಲೇ.

ನಿಮ್ಮ ಮನೆಯಲ್ಲಿ ಕವಡೆ ಇದ್ದರೆ ಇವತ್ತು ಹೊರಗೆ ತೆಗೆಯಿರಿ. ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಒಂದು ಬದಿ ತೇಯ್ದುಕೊಂಡರೂ ಆದೀತು. ನಿಮ್ಮ ಕಾಯಿಯನ್ನು ಹೊಡೆಯಬಲ್ಲವರನ್ನೇ ಎದುರು ಕೂರಿಸಿಕೊಳ್ಳಿ. ಗರ ಹಾಕುವ ಮೊದಲು ತಲೆಯೆತ್ತಿ ಒಮ್ಮೆ ಅವರ ಮುಖ ನೋಡಿ.